ಪಾಕ ಬಿದ್ದ ಹತ್ತಿ

"ಹಾರ್ಟಿನ ಪಂಪಿಂಗ್ ಚೊಲೋ ಐತಿ ಅಂತ ಹೋದ ವರ್ಷನ ಹೇಳ್ಯಾರ್ರೀ. ಇವರದು ಬರೇ ಮೈಗಳ್ಳತನ," ಎಂದಳು ಹಸೀನಾ, ಡಾಕ್ಟರು ಕೇಳುವ ಮೊದಲೇ.

ಅಂಗಿ ಬಿಚ್ಚಿ ಎಡಮಗ್ಗುಲಾಗಿ ಮಲಗಿದ್ದ ಅವಳ ಗಂಡ ಗನಿಸಾಬ ಎದೆಯ ಸ್ಕ್ಯಾನಿಂಗಿನ ಪರದೆಯನ್ನೇ ನೋಡುತ್ತಿದ್ದ. ಗದಗದಿಂದ ಮುಂಬಯಿಗೆ ಬಂದು ಮೂವತ್ತು ವರ್ಷ ಹತ್ತಿ ಹಿಂಜಿ ಗಾದಿ ಹೊಲಿದ ಆಸಾಮಿ. ಈಚೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಎದೆನೋವಂತೂ ಇಲ್ಲ. ನೋವೇ ಇಲ್ಲದವನಿಗೆ ಎಂಥ ಕಾಯಿಲೆ ಎಂದು ಹಸೀನಾ ಚಾಳಿನ ಜನಕ್ಕೆಲ್ಲ ಕೇಳುವಂತೆ ಹಂಗಿಸಿದ್ದಳು, ಗಾದಿ ಹೊರಿಸಿ ಬಾಂದ್ರಾಕ್ಕೆ ಅಟ್ಟಿದ್ದಳು. ಎಲುಬಿಲ್ಲದ ನಾಲಿಗೆ ನೋಡಿ! ಮೊನ್ನೆ ಅವನ ಕಾಲು ಬಾತದ್ದು ಕಂಡು ಹೆದರಿ, ಸಯನ್ನಿನ ಈ ಕ್ಲಿನಿಕ್ಕಿಗೆ ಕರೆತಂದಿದ್ದಳು.

ಡಾಕ್ಟರ್ ನಮಿತಾ ಮುಂಬಯಿಯಲ್ಲೇ ಹುಟ್ಟಿದ ಮಂಗಳೂರಿನ ಹುಡುಗಿ. ಪರದೆಯತ್ತ ಬೆರಳು ತೋರಿದಳು.

"ಚಾಚಿ, ಪಂಪಿಂಗ್ ಬರೋಬರ್ ಉಂಟು. ಆದ್ರೆ ಹಾರ್ಟ್ ಹೀಗೆ ಮುಷ್ಟಿ ಕಟ್ತದೆ, ಬಿಚ್ಲಿಕ್ಕೆ ಲೇಟ್ ಮಾಡ್ತದೆ. ಕ್ಯಾಲ್ಸಿಯಂ ಒಳಗೆ ಬಂದ್ರೆ ಮಸಲ್ ಟೈಟ್, ವಾಪಸ್ ಹೋದ್ರೆ ಲೂಸ್. ವಾಪಸ್ ಕಳಿಸ್ಲಿಕ್ಕೆ ಒಳಗೇ ಚೋಟಾ ಚೋಟಾ ಪಂಪ್ ಉಂಟು. ಹನ್ನೆರಡು ವರ್ಷದ ಶುಗರ್, ಅವು ಸುಸ್ತಾಗಿವೆ. ಮಸಲಿನ ನಾರಿಗೆಲ್ಲ ಸಕ್ಕರೆ ಅಂಟಿ ಕಡಕ್ ಆಗಿದೆ."

"ಅಂದ್ರ ಪಾಕ ಬಿದ್ದ ಹತ್ತಿ," ಎಂದ ಗನಿಸಾಬ ಮೆಲ್ಲಗೆ. "ಎಷ್ಟು ಹಿಂಜಿದ್ರೂ ಅರಳಂಗಿಲ್ಲ."

"ಕರೆಕ್ಟ್, ಚಾಚಾ!"

ಹಸೀನಾ ಪರದೆಯ ಹತ್ತಿರ ಬಂದಳು. "ಹಂಗಾರ ಇವರು ನಾಟಕ ಮಾಡ್ತಿದ್ದಿಲ್ಲೇನ್ರೀ?"

"ಒಂದಿನ ಕೂಡ ಇಲ್ಲ. ಒಳ್ಳೇದಾಯ್ತು, ಟೈಮಿಗೆ ಬಂದ್ರಿ. ಗೋಲಿ ಉಂಟು, ಶುಗರ್ ಹಿಡಿತಕ್ಕೆ ಬಂದ್ರೆ ಆರಾಮಾಗ್ತದೆ. ಭಾರ ಮಾತ್ರ ಎತ್ತಬಾರ್ದು."

ಹಸೀನಾ ಆ ಹುಡುಗಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿನ್ನ ಹೊಟ್ಟಿ ತಣ್ಣಗಿರ್ಲಿ, ಬೇಟಿ. ನನ್ನ ಮನಿ ಉಳಿಸಿದಿ." ವರ್ಷವಿಡೀ ಒಂದು ಮಾತಿಗೂ ಎದುರಾಡದ ಗಂಡನ ಋಣವೂ ಅವಳ ಎದೆಗೆ ತಟ್ಟಿತು. ಅವನ ಅಂಗಿಯ ಗುಂಡಿಯನ್ನು ತಾನೇ ಹಾಕಿದಳು.

ಮನೆಗೆ ಹೊರಟು ಸ್ಟೇಷನ್ನಿನ ಬ್ರಿಜ್ ಅರ್ಧ ಹತ್ತುವಷ್ಟರಲ್ಲಿ ಗನಿಸಾಬ ಕಂಬಿ ಹಿಡಿದು ನಿಂತ. ಹಿಂದಿನವರು "ಚಲೋ, ಚಲೋ" ಎಂದು ನೂಕಿದರು.

"ನೀ ಮುಂದ ನಡಿ, ಬರ್ತೀನಿ," ಎಂದ.

ಹಸೀನಾ ಜನಕ್ಕೆ ಅಡ್ಡವಾಗಿ ಅವನ ಬೆನ್ನಿಗೆ ನಿಂತಳು. ಇಂಥ ನಾಲ್ಕು ಬ್ರಿಜ್ಜನ್ನು ಒಂದೇ ಉಸಿರಿಗೆ ಹತ್ತುವ ಹೆಣ್ಣು ಅವಳು.

"ನಿಂದರ್ರಿ ಸ್ವಲ್ಪ. ನನಗೂ ದಮ್ಮು ಹತ್ತೇತಿ," ಎಂದಳು.

ಕೆಳಗೆ ಲೋಕಲ್ ಬಂದು ಹೋಯಿತು. ಇನ್ನೊಂದು ಬಂತು. ಇಬ್ಬರೂ ನಿಂತೇ ಇದ್ದರು.