ಬಲಕ್ಕೆ ಬಿದ್ದ ಹೂವು

ಹೂವು ಬಲಕ್ಕೂ ಬೀಳಲೊಲ್ಲದು, ಎಡಕ್ಕೂ ಬೀಳಲೊಲ್ಲದು. ಹಟ್ಟಿಯ ಜುಂಜಪ್ಪನ ಗುಡಿಯಲ್ಲಿ ಕಂಬಕ್ಕೊರಗಿದ್ದ ಶಿವರಾಜು ದೇವರನ್ನೇ ದುರುಗುಟ್ಟಿಕೊಂಡು ನೋಡಿದ.

ಅವನ ತಾಯಿ ಗಿರಿಯಮ್ಮನಿಗೆ ಎಪ್ಪತ್ತು ದಾಟಿತ್ತು. ಹಿಂದೊಮ್ಮೆ ಎದೆ ಸೀಳಿ ಹೃದಯಕ್ಕೆ ಹಾಕಿದ್ದ ವಾಲ್ವ್ ಸವೆದು, ಈಗ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರೂ ಏದುಸಿರು. ಬೇಗ ಬದಲಾಯಿಸದಿದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಹೂವು ಬಲಕ್ಕೆ ಬಿದ್ದು ದೇವರ ಅಪ್ಪಣೆಯಾಗದೆ ಹಟ್ಟಿ ದಾಟುವುದಿಲ್ಲವೆಂದು ಮುದುಕಿ ಪಟ್ಟು ಹಿಡಿದು ದೇವರ ಮುಂದೆ ಕೂತಿದ್ದಳು.

"ಅದೆಂಗ್ಲಾ ಸವೀತದೆ? ಹಟ್ಟಿಗೆ ನೀರು ಬುಡೋ ಚಿಕ್ಕರಾಜು ಅದೇ ಹಳೇ ವಾಲು ತಿರುವ್ತಾವ್ನೆ!"

"ಅದು ಕಬ್ಬಿಣದ್ದು ಕಣವ್ವ. ನಿಂಗಾಕಿರೋದು ದನದ ಗುಂಡಿಗೆ ಮೇಲಿನ ಪೊರೇದು." ಶಿವರಾಜು ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಡಾಕ್ಟರ ದನಿ ತೆಗೆದ: "ನೋಡಿ ಅಮ್ಮಾ, ಈ ಸಲ ಎದೆ ಮುಟ್ಟಲ್ಲ. ತೊಡೆಯ ರಕ್ತನಾಳದಿಂದ ಟ್ಯೂಬ್ ಕಳಿಸಿ, ಹಳೇ ವಾಲ್ವ್ ಒಳಗೇ ಹೊಸದು ಕೂರಿಸ್ತೀವಿ."

"ಎದೆ ರೋಗಕ್ಕೆ ತೊಡೆಗೆ ಕೈ ಹಾಕೋನು ಯಾವ ಸೀಮೆ ಡಾಕ್ಟ್ರು? ನಿನ್ನ ನಾಟ್ಕ ನಂಬ್ತೀನೇನ್ಲಾ?"

ಇದೇ ಮಾತು ಎಷ್ಟು ಸಲವೋ! ಶಿವರಾಜು ಹಣೆ ಚಚ್ಚಿಕೊಂಡ.

ಅಷ್ಟರಲ್ಲಿ ಹೂವು ಜಾರಿತು. "ಬಲಕ್ಕೆ ಕೊಟ್ಟ!" ಪೂಜಾರಿ ಮೂಡಲಗಿರಿಯಪ್ಪ ಕೂಗಿದ. ಶಿವರಾಜು ಹೆಂಡತಿ ಅನಸೂಯಳಿಗೆ ಫೋನು ಹಚ್ಚಿ, "ಬಟ್ಟೆ ಜೋಡ್ಸು" ಎಂದ. ಗಿರಿಯಮ್ಮ ಮಾತ್ರ ಮೇಲೇಳಲಿಲ್ಲ.

ಕೇಳುವುದನ್ನು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ನೆನೆಯುವುದು ಅಲ್ಲಿಯ ಪದ್ಧತಿ. ಈಗ ಬಾಯಿಬಿಟ್ಟಳು: "ಎದೆ ಇನ್ನೊಂದ್ಸಲ ಕುಯ್ಸ್ಕಬ್ಯಾಡ ಅನ್ನಂಗಿದ್ರೆ ಬಲಕ್ಕೆ ಕೊಡಪ್ಪಾ ಅಂತ ಕೇಳ್ಕಂಡಿದ್ದೆ. ಕೊಟ್ಬುಟ್ಟ. ನಾನು ಬರಾಕಿಲ್ಲ."

ಶಿವರಾಜುವಿಗೆ ಒಂದು ಕ್ಷಣ ದೇವರ ಮೇಲೂ ಕೋಪ ಬಂತು. "ಅಂಗ್ಯಾಕವ್ವಾ ಕೇಳ್ದೆ?"

"ಹೋದ್ಸಲ ಕೆಮ್ಮು ಬಂದ್ರೆ ದಿಂಬು ಅವುಚ್ಕಂಡು ಅಳ್ತಿದ್ದೆ. ಮೂಳೆಗೆ ತಂತಿ ಬಿಗಿದಿದ್ರಲ್ಲ, ಸತ್ತು ಬದುಕ್ದೆ ಕಣ್ಲಾ. ನಿನ್ಗೇನು ಗೊತ್ತು?"

ಇಷ್ಟು ದಿನ ಶಿವರಾಜು ಡಾಕ್ಟರನ್ನು ಅಣಕಿಸಿದ್ದನೇ ಹೊರತು, ಏನು ಭಯ ಎಂದು ಅವಳನ್ನು ಕೇಳಿರಲಿಲ್ಲ. ಡಾಕ್ಟರಿಗೇ ಫೋನು ಮಾಡಿ, ಸ್ಪೀಕರ್ ಒತ್ತಿ ತಾಯಿಯ ಮುಂದೆ ಹಿಡಿದ.

"ಎದೆ ಕುಯ್ಯಲ್ವಾ ಸ್ವಾಮಿ?"

"ಇಲ್ಲಮ್ಮಾ. ತೊಡೆಯಿಂದಲೇ ಮಾಡೋದು."

"ಅಲ್ಲಿಗೆ ದೇವ್ರ ಮಾತೂ ಉಳೀತು," ಎಂದ ಮೂಡಲಗಿರಿಯಪ್ಪ. ಗಿರಿಯಮ್ಮ ಹೂವನ್ನು ಕಣ್ಣಿಗೊತ್ತಿ ತುರುಬಿಗೆ ಸಿಕ್ಕಿಸಿಕೊಂಡು, ಮಗನ ಭುಜ ಹಿಡಿದು ಎದ್ದಳು.

"ತಿಂಗಳಿಂದ ಏನ್ಲಾ ಮಾಡ್ತಿದ್ದೆ? ಇದೊಂದು ಫೋನು ಮಾಡಾಕೆ ಇಷ್ಟು ದಿನ ಬೇಕಾಯ್ತಾ? ನಡಿ, ಹೊತ್ತಾಯ್ತದೆ."