ಕೂತ ಗುರುಶಾಂತಪ್ಪ

ಸತ್ತ ಗುರುಶಾಂತಪ್ಪನ ಬಲಗೈ ಬೆರಳು ಬಿಡಿಸಲು ಜಂಗಮ ಅಯ್ಯನವರಿಗೆ ಆಗಲೇ ಇಲ್ಲ. ಇಸ್ತ್ರಿಪೆಟ್ಟಿಗೆಯ ಹಿಡಿ ಹಿಡಿದಂತೆಯೇ ಮಡಿಚಿಕೊಂಡಿದ್ದವು.

"ಇರ್ಲಿ ಬಿಡಮ್ಮ, ಲಿಂಗ ಇಡೋದು ಎಡಗೈಗೆ ತಾನೇ," ಎಂದರು.

ಸಿದ್ದಗಂಗಮ್ಮ ಗಂಡನ ಹಣೆಗೆ ವಿಭೂತಿ ಬಳಿದಳು. ಅವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಗುರುಶಾಂತಪ್ಪನ ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಂತಿತ್ತು.

ಆ ಬಾಗಿಲಲ್ಲೇ ಜ್ಯೋತ್ಸ್ನಾ ಮೇಡಂ ಬಂದರು. ತ್ಯಾಗರಾಜನಗರದಲ್ಲಿ ಅವರ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೇ ಇವರ ಇಸ್ತ್ರಿ ಗಾಡಿ. ವಾಚ್‌ಮನ್ ಅವರಿಗೆ ಹೇಳಿದ್ದು ಇಷ್ಟೇ: ಇಸ್ತ್ರಿಯವರ ಮನೇಲಿ ಸಾವಾಗಿದೆ. ಮೇಡಂ ನೆಟ್ಟಗೆ ಕುರ್ಚಿಯ ಮುಂದೆ ನಿಂತು ಕೈಮುಗಿದರು.

"ಸಮಾಧಾನ ಮಾಡ್ಕೊಳ್ಳಿ ಗುರುಶಾಂತಪ್ಪ. ಏನಾಗಿತ್ತು ಸಿದ್ದಗಂಗಮ್ಮಂಗೆ?"



"ನಾನು ಇಲ್ಲೇ ಇದೀನಿ ಮೇಡಂ," ಎಂದಳು ಸಿದ್ದಗಂಗಮ್ಮ, ಅವರ ಬೆನ್ನ ಹಿಂದಿನಿಂದ.

ಮೇಡಂ ಗಕ್ಕನೆ ತಿರುಗಿ ಅವಳನ್ನು ನೋಡಿ, ಮತ್ತೆ ಕುರ್ಚಿಯತ್ತ ನೋಡಿದರು. "ಅಯ್ಯೋ! ಪಾಪ, ಮಲಗ್ಸೋಕೂ ಜಾಗ ಇಲ್ವಾ? ಫ್ರೀಜರ್ ಬಾಕ್ಸ್ ನಾನು ತರಿಸ್ತೀನಿ."

"ಜಾಗ ಇದೆ ಮೇಡಂ. ನಮ್ಮಲ್ಲಿ ಕೂರ್ಸೋದು."

*

ಆ ಕುರ್ಚಿ ಮೇಡಂ ಕೊಟ್ಟದ್ದೇ. "ಪಾಪ, ದಿನವೆಲ್ಲ ನಿಂತೇ ಇರ್ತೀರ" ಎಂದು ಒಂದು ಬೇಸಿಗೆಯಲ್ಲಿ ತಂದಿಟ್ಟಿದ್ದರು.

"ಕೂತು ಉಜ್ಜಿದ್ರೆ ಗೆರೆ ಕೂರಲ್ಲ ಮೇಡಂ," ಎಂದು ಗುರುಶಾಂತಪ್ಪ ಅದರ ಮೇಲೆ ಬಟ್ಟೆ ಜೋಡಿಸಿದ. ದೊಡ್ಡವರ ಮುಂದೆ ಕೂರಲು ಸಂಕೋಚವೇನೋ ಎಂದುಕೊಂಡು ಅವರು ಕಣ್ಣೊರೆಸಿಕೊಂಡೇ ಹೋದರು. ಕೆಲಸದ ರೀತಿ ಯಾರಿಗೆ ಬೇಕು, ಕನಿಕರವಿದ್ದರೆ ಸಾಕು!

ಅವರು ಹೋದ ಮೇಲೆ ಅವನು ನಕ್ಕಿದ್ದ. "ಕೂರೋಕೇನಮ್ಮಿ ಅವಸರ? ಕಡೆಗೆ ಎಲ್ರೂ ಸೇರಿ ಕೂರಿಸ್ತಾರಲ್ಲ!"

ಸಿದ್ದಗಂಗಮ್ಮನಿಗೆ ಅವತ್ತು ನಗು ಬಂದಿರಲಿಲ್ಲ.

*

ಹೊರಡುವಾಗ ಮೇಡಂ ಅವಳ ಕೈ ಹಿಡಿದರು. "ಆ ಗಾಡಿ ಇನ್ಯಾಕೆ ನಿನಗೆ? ನಾಳೆ ಅಸೋಸಿಯೇಷನ್‌ನವರಿಗೆ ಹೇಳಿ ತೆಗೆಸ್ತೀನಿ. ನಮ್ಮನೇಲಿ ಆರಾಮಾಗಿ ಕೂತು ತರಕಾರಿ ಹೆಚ್ಚಿಕೊಡು."

ಸಿದ್ದಗಂಗಮ್ಮ ಕೈ ಬಿಡಿಸಿಕೊಂಡಳು. ಆ ಗಾಡಿಯಲ್ಲಿ ಇಷ್ಟು ವರ್ಷ ಅರ್ಧ ಬಟ್ಟೆ ಉಜ್ಜಿದವಳು ಅವಳು. ಮರದ ಕೆಳಗಿನ ಜಾಗ ಒಮ್ಮೆ ಹೋದರೆ ಹೋಯಿತು, ಮತ್ತೆ ಯಾರೂ ಕೊಡುವುದಿಲ್ಲ.

ಮಣ್ಣು ಮುಗಿಸಿ, ತಲೆಗೆ ನೀರು ಹಾಕಿಕೊಂಡವಳೇ ಕುರ್ಚಿ ಎತ್ತಿಕೊಂಡು ಗಾಡಿಯತ್ತ ಹೊರಟಳು. ಪಕ್ಕದ ಮನೆಯ ಸೀತಮ್ಮ ಅಡ್ಡ ಬಂದರು.

"ಇವತ್ತೇನೇ? ಸೂತಕ ಕಣೇ!"

"ಲಿಂಗ ಕಟ್ದೋರಿಗೆ ಎಲ್ಲೀ ಸೂತಕ, ಅಕ್ಕ?"

ಸಂಜೆ ಜ್ಯೋತ್ಸ್ನಾ ಮೇಡಂ ಗೇಟಿನ ಬಳಿ ಬಂದಾಗ ಹೊಂಗೆಯ ಕೆಳಗೆ ಕೆಂಡ ಕೆಂಪಗಿತ್ತು. ಸಿದ್ದಗಂಗಮ್ಮ ಗಾಡಿಯ ಹಿಂದೆ ನಿಂತಿದ್ದಳು. ಬೆರಳು ಇಸ್ತ್ರಿಪೆಟ್ಟಿಗೆಯ ಹಿಡಿಯ ಸುತ್ತ ಮಡಿಚಿಕೊಂಡಿದ್ದವು.

"ನಿಮ್ ಸೀರೆ ಆಗಿದೆ ಮೇಡಂ," ಎಂದಳು, ತಲೆಯೆತ್ತದೆ. "ನಮ್ ಯಜಮಾನ್ರ ಹತ್ರಾನೇ ಇದೆ, ತಗೊಳ್ಳಿ."

ಮಡಿಚಿದ ಸೀರೆ ಕುರ್ಚಿಯಲ್ಲಿ ಬೆನ್ನಿಗೊರಗಿ ನೆಟ್ಟಗೆ ಕೂತಿತ್ತು. ಕುರ್ಚಿಯ ಕೈಯ ಮೇಲೆ ವಿಭೂತಿಯ ಬೆರಳ ಗುರುತು ಇನ್ನೂ ಹಾಗೇ ಇತ್ತು.