ಸೂಜಿ ರುದ್ರಮುನಿ

ರುದ್ರಮುನಿಯವರು ಎಲ್ಲಿಗೆ ಹೋದರೂ ಅವರಿಗಿಂತ ಅರ್ಧ ಹೆಜ್ಜೆ ಮೊದಲು ಅವರ ಎಡಗಿವಿ ಅಲ್ಲಿಗೆ ತಲುಪಿರುತ್ತಿತ್ತು. ಕತ್ತನ್ನು ತುಸು ಓರೆಮಾಡಿ, ಕಣ್ಣನ್ನು ಅರೆಮುಚ್ಚಿ, ಗೋಡೆಯಾಚೆಯಿಂದ ಯಾರೋ ಗುಟ್ಟು ಹೇಳುತ್ತಿದ್ದಾರೆಂಬಂತೆ ಅವರು ಮಧುಗಿರಿಯ ಪೇಟೆಬೀದಿಯಲ್ಲಿ ನಡೆದುಬರುವಾಗ, ಹೊಸಬರು ಪಾಪ, ಕತ್ತು ಉಳುಕಿದೆಯೆಂದು ಮರುಗುತ್ತಿದ್ದರು. ಬಲ್ಲವರು, ದಾರಿಹೋಕ ಬೈಕೊಂದರ ಹೊಟ್ಟೆನೋವನ್ನು ಆಲಿಸುತ್ತಿದ್ದಾರೆಂದು ಸುಮ್ಮನಾಗುತ್ತಿದ್ದರು. ಬಿರುಬೇಸಿಗೆಯಲ್ಲಿ ಬೆಟ್ಟದ ಬಂಡೆ ಕಾದು ಊರೆಲ್ಲ ಬೇಯುವಾಗಲೂ ಮೈಮೇಲೊಂದು ಕಂದು ಕೋಟು. ಅದರ ಒಂದು ಜೇಬಿನಲ್ಲಿ ಮರದ ಹಿಡಿಯ ಪುಟ್ಟ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಹರಳೆಣ್ಣೆಯ ಸೀಸೆ. ಆ ಸೀಸೆಯ ಬಿರಟೆ ಎಂದೂ ಸರಿಯಾಗಿ ಕೂರದ ಕಾರಣ ಕೋಟಿಗೆ ಬಾಣಂತಿಕೋಣೆಯ ವಾಸನೆ ಅಂಟಿಕೊಂಡಿತ್ತು.

ಅವರ ಕಸುಬು ಏನೆಂದು ಹೇಳಿದರೆ ಕೆಲವರು ನಗುತ್ತಾರೆ, ನಗಲಿ. ಮೊಳದುದ್ದದ ಕಾರುಗಳು, ಒಳಗೆ ನಿಂಬೆಹಣ್ಣಿನ ಗಾತ್ರದ, ನೈಟ್ರೋ ಇಂಧನ ಕುಡಿದು ಹೊಗೆಯುಗುಳುವ ನಿಜವಾದ ಎಂಜಿನ್ನು, ದೂರದಲ್ಲಿ ನಿಂತವರ ಕೈಯಲ್ಲಿ ರಿಮೋಟು. ಕೊಳಾಲದ ಹಾಲೇಶ, ಪಾವಗಡದ ಓಬಳರಾಜು ಮೊದಲಾದ ಹುಚ್ಚರು ಇವುಗಳನ್ನು ಶಿರಾದ ಒಣಕೆರೆಯಂಗಳದಲ್ಲಿ ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಯಾರಾದರೂ ಆಟಿಕೆ ಎಂದರೆ ರುದ್ರಮುನಿಯವರ ಮುಖ ಗಂಟಿಕ್ಕುತ್ತಿತ್ತು. ಹಿಂದೆ ಟೂ-ಸ್ಟ್ರೋಕ್ ಬೈಕುಗಳನ್ನು ರಿಪೇರಿ ಮಾಡುತ್ತಿದ್ದ ಅವರಿಗೆ, ಆ ಬೈಕುಗಳು ರಸ್ತೆಯಿಂದ ಮರೆಯಾದ ಮೇಲೆ, ಅದೇ ದನಿಯನ್ನು ಕಿರಿದಾಗಿ ನುಡಿಯುವ ಈ ಕೂಸುಗಳೇ ಉಳಿದಿದ್ದವು.

ಈ ಎಂಜಿನ್ನಿನ ಪ್ರಾಣವೆಲ್ಲ ಒಂದು ತಿರುಪಿನಲ್ಲಿದೆ. ಅದನ್ನು ಸೂಜಿ ಎನ್ನುತ್ತಾರೆ. ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆಯಾಗಿ ವೇಗವೂ ದನಿಯೂ ಏರುತ್ತವೆ. ಇನ್ನೂ ತಿರುಗಿಸಿದರೆ ಎಂಜಿನ್ನು ಕಾದು, ಇಂಧನದಲ್ಲೇ ಬೆರೆತಿರುವ ಎಣ್ಣೆ ಸಾಲದೆ, ತನ್ನನ್ನು ತಾನೇ ಕೆರೆದುಕೊಂಡು ಸಾಯುತ್ತದೆ. ಬೇರೆಯವರು ಶಾಖ ಅಳೆಯುವ ಗನ್ನು ಹಿಡಿದು, ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು ಸೂಜಿ ಕೂರಿಸುವಾಗ, ರುದ್ರಮುನಿಯವರು ಕೊರಳ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡು, ಅರಚುತ್ತಿರುವ ಸೈಲೆನ್ಸರಿಗೆ ಬರಿಗಿವಿಯನ್ನು ಒಡ್ಡಿ ಕೂರುತ್ತಿದ್ದರು. "ಕಿವಿ ಮುಚ್ಕೊಂಡು ಹಾಡು ಕೇಳಕ್ಕೆ ಯಾರಾನ ಹೋಗ್ತಾರೇನ್ಲಾ?" ಎಂದು ಹಾಲೇಶನನ್ನು ಗದರುತ್ತಿದ್ದರು. ಅವರು ಕೈ ತೆಗೆದ ಮೇಲೆ ಆ ಸೂಜಿಯನ್ನು ಮತ್ತಾರೂ ಮುಟ್ಟಕೂಡದು. ಸುತ್ತಲ ಮೂರು ತಾಲ್ಲೂಕಿನಲ್ಲಿಯೂ ಅದು ಕಟ್ಟಳೆಯಾಗಿಹೋಗಿತ್ತು. ಓಟ ಮುಗಿದ ಎಂಜಿನ್ನಿಗೆ ತುಕ್ಕು ಹಿಡಿಯದಂತೆ ತೊಟ್ಟು ಹರಳೆಣ್ಣೆ ಬಿಡುವುದು ಅವರ ಇನ್ನೊಂದು ವ್ರತ. "ಓಡ್ಬಂದದ್ದಕ್ಕೆ ಎಣ್ಣೆ ಬುಡ್ದೆ ಮಲಗುಸ್ಬಾರ್ದು" ಎನ್ನುತ್ತಿದ್ದರು.

ಅವರ ಕಾರಿನ ರಿಮೋಟು ಮಗಳು ಭುವನಾಳ ಕೈಯಲ್ಲಿತ್ತು. ತಂದೆಯ ಕಿವಿಯ ಸಂಗತಿ ಮೊದಲು ತಿಳಿದದ್ದೂ ಅವಳಿಗೇ. ಕುಕ್ಕರು ಕೂಗಿದರೂ ಅವರು ತಿರುಗಿ ನೋಡುತ್ತಿರಲಿಲ್ಲ. ದೇವರಮನೆಯ ಗಂಟೆಗೆ ಕೈಮುಗಿಯುವುದು ಹೆಂಡತಿ ಸರೋಜಮ್ಮನ ಕೈ ನೋಡಿದ ಮೇಲೆ. ಹೀಗಿರುವಾಗ ಅವರೇ ಕೂರಿಸಿದ್ದ ಹಾಲೇಶನ ಎಂಜಿನ್ನು ನಡುಪಂದ್ಯದಲ್ಲಿ ಕಚ್ಚಿಕೊಂಡು ನಿಂತಿತು, ರುದ್ರಮುನಿಯವರು ಇಂಧನ ಸರಿಯಿಲ್ಲವೆಂದರು. ಆಮೇಲೆ ಓಬಳರಾಜುವಿನದು ಹೋಯಿತು, ಧೂಳು ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಹಿಂದಿನಿಂದ ಆಡಿಕೊಂಡವರೂ ಇದ್ದರು. ಆದರೆ ಭುವನಾಗೆ ಬೇರೆಯದೇ ಹೊಳೆಯಿತು. ಅಪ್ಪನ ಕಿವಿಯ ಪಾಲಿಗೆ ಎತ್ತರದ ದನಿಗಳು ಸತ್ತುಹೋಗಿದ್ದವು. ತಾವು ಬಲ್ಲ ಆ ತೀಕ್ಷ್ಣ ಶ್ರುತಿಯನ್ನು ಹುಡುಕುತ್ತ ಹುಡುಕುತ್ತ ಅಪ್ಪಾಜಿ ಸೂಜಿಯನ್ನು ಒಳಕ್ಕೆ, ಇನ್ನೂ ಒಳಕ್ಕೆ ತಿರುಗಿಸುತ್ತಿದ್ದರು. ಶ್ರುತಿ ಎಂದೋ ಬಂದು ದಾಟಿಹೋಗಿರುತ್ತಿತ್ತು.

ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ಆ ಮನುಷ್ಯನಿಗೆ ಹೊಲವಿಲ್ಲ, ಅಂಗಡಿಯಿಲ್ಲ, ಇದ್ದದ್ದೊಂದು ಕಿವಿ. ಅದೂ ಇಲ್ಲವೆಂದು ಯಾವ ಮಗಳು ಹೇಳಿಯಾಳು? ಅವಳು ಜಡೆಯೊಳಗೆ ಸಣ್ಣದೊಂದು ಸ್ಕ್ರೂಡ್ರೈವರು ಸಿಕ್ಕಿಸಿಕೊಂಡು ಬರತೊಡಗಿದಳು. ಅಪ್ಪ ಸೂಜಿ ಕೂರಿಸಿ ಎದ್ದ ಮೇಲೆ, ಕಾರಿನ ಧೂಳು ಒರೆಸುವ ನೆಪದಲ್ಲಿ ಬಗ್ಗಿ, ಅದನ್ನು ಗುಟ್ಟಾಗಿ ಹಿಂದಕ್ಕೆ ತಿರುಗಿಸುತ್ತಿದ್ದಳು. ಹಾಲೇಶ, ಓಬಳರಾಜುಗಳ ಕಾರುಗಳನ್ನೂ ಬಿಡುತ್ತಿರಲಿಲ್ಲ. ಎಂಜಿನ್ನುಗಳು ಸಾಯುವುದು ನಿಂತಿತು. ರುದ್ರಮುನಿಯವರ ಹೆಸರು ಮತ್ತೆ ಚಿಗುರಿತು. ಪಾವಗಡದ ಪಂದ್ಯದಲ್ಲಿ ಕಪ್ಪನ್ನೂ ಗೆದ್ದರು. "ಏಂ ಸೌಂಡಣ್ಣಾ ಅದು! ನೀ ಚೆಯ್ಯಿ ಪಡಿತೇ ಚಾಲು!" ಎಂದು, ನಿನ್ನ ಕೈ ಬಿದ್ದರೆ ಸಾಕೆಂದು ತೆಲುಗಿನಲ್ಲಿ ಹೊಗಳುತ್ತ, ಓಬಳರಾಜು ಆ ಕೈಯನ್ನು ಹಿಡಿದೆತ್ತಿ ಜನಕ್ಕೆ ತೋರಿಸಿದ. ವೇದಿಕೆಯ ಮೇಲೆ ಕೋಟಿನ ಗುಂಡಿ ಹಾಕಿಕೊಂಡು ಅವರು ಆಡಿದ್ದು ಒಂದೇ ಮಾತು: "ಈ ಕಿವಿ ಇರೋಗಂಟ ರುದ್ರಮುನಿ ಇರ್ತಾನೆ." ಜನ ಚಪ್ಪಾಳೆ ತಟ್ಟುವಾಗ ಭುವನಾ ನೆಲ ನೋಡುತ್ತಿದ್ದಳು.

ಕಿವಿ ಹೋದರೂ ಕಣ್ಣು ನೆಟ್ಟಗಿತ್ತು. ಮುಂದಿನ ಶಿರಾ ಪಂದ್ಯಕ್ಕೆ ಮೊದಲು, ತಾವು ಕೂರಿಸಿದ ಸೂಜಿಯ ತಲೆಯ ಗೀರು ಬಿಟ್ಟ ದಿಕ್ಕಿನಲ್ಲಿಲ್ಲವೆಂದು ರುದ್ರಮುನಿಯವರು ಕಂಡುಕೊಂಡರು. ಎದುರಾಳಿಗಳ ಕೈವಾಡವೆಂದು ಕುದಿದರು. ಪಂದ್ಯದ ದಿನ, ಕಾರನ್ನು ಕಣಕ್ಕಿಳಿಸುವ ಮೊದಲು, ಮಗಳ ಮುಂದೆ ಕೈಚಾಚಿ, "ನಿನ್ನ ಉಗುರುಬಣ್ಣ ಕೊಡಮ್ಮ, ಸೂಜಿ ಮೇಲೆ ಒಂದು ತೊಟ್ಟು ಬುಟ್ಬುಡ್ತೀನಿ. ಯಾವನಾನ ಮುಟ್ಟಿದ್ರೆ ಬಿರುಕು ಬಿಟ್ಟು ಗೊತ್ತಾಗ್ತದೆ" ಎಂದರು. ಆಗಲಾದರೂ ಹೇಳಬಹುದಿತ್ತು. ಅವಳು ಬ್ಯಾಗಿನಿಂದ ಕೆಂಪು ಸೀಸೆ ತೆಗೆದುಕೊಟ್ಟಳು. ಆ ತೊಟ್ಟು ಒಣಗುವವರೆಗೂ ಅವರು ಊದುತ್ತ ಕುಳಿತರು.

ಕಾರು ಹೊರಟಾಗ, ಇಂಧನ ಸಾಲದೆ, ಹೊಗೆಯೇ ಇರಲಿಲ್ಲ. ಎಲ್ಲಕ್ಕಿಂತ ಮುಂದೆ, ಗಾಜು ಕೊರೆದಂಥ ದನಿಯಲ್ಲಿ ಚೀರುತ್ತ ಅದು ಸುತ್ತುಹಾಕುತ್ತಿದ್ದರೆ, ಬೇಲಿಯ ಬಳಿ ನಿಂತವರೆಲ್ಲ ಕಿವಿಗೆ ಕೈಯಿಟ್ಟುಕೊಂಡರು. ರುದ್ರಮುನಿಯವರೊಬ್ಬರೇ ಎಡಗಿವಿಯನ್ನು ಮುಂದೊಡ್ಡಿ ಮುಗುಳ್ನಗುತ್ತಿದ್ದರು. ಭುವನಾಳಿಂದ ತಡೆಯಲಾಗಲಿಲ್ಲ, ಗೆಲ್ಲುತ್ತಿದ್ದ ಕಾರನ್ನು ಬದಿಗೆಳೆದು ಎಂಜಿನ್ನು ಆರಿಸಿದಳು.

"ಯಾಕಮ್ಮ ನಿಲ್ಸ್‌ಬುಟ್ಟೆ? ಈಗ ತಾನೆ ಸರಿಯಾಗಿ ಶ್ರುತಿಗೆ ಬರ್ತಿತ್ತಲ್ಲ!" ಕೋಟು ಹಾರಾಡಿಸುತ್ತ ಅವರು ಓಡಿಬಂದರು. ಹಾಲೇಶ, ಓಬಳರಾಜು, ಇನ್ನೂ ಹತ್ತಾರು ಜನ ಸುತ್ತುಗಟ್ಟಿದರು. ಭುವನಾ ಬಾಟಲಿಯಿಂದ ನಾಲ್ಕು ಹನಿ ನೀರನ್ನು ಎಂಜಿನ್ನಿನ ನೆತ್ತಿಯ ಮೇಲೆ ಬಿಟ್ಟಳು. ಚುಂಯ್ ಎಂದು ನೀರು ಆವಿಯಾಯಿತು. ಸುತ್ತ ನಿಂತವರು ಬೆಚ್ಚಿ ಹಿಂದೆ ಸರಿದರು.

ರುದ್ರಮುನಿಯವರು ಆವಿಯನ್ನು ನೋಡಿದರು, ಬೆಚ್ಚಿದವರ ಮುಖಗಳನ್ನು ನೋಡಿದರು. ಆಮೇಲೆ ಮಗಳ ಬಾಯಿಯನ್ನೇ ದಿಟ್ಟಿಸುತ್ತ ಮೆಲ್ಲಗೆ ಕೇಳಿದರು: "ಸದ್ದು ಬಂತಾ?"

"ಬಂತು ಅಪ್ಪಾಜಿ."

ಅವರು ಕೆಂಪು ತೊಟ್ಟನ್ನು ಹೆಬ್ಬೆರಳಿಂದ ಸವರಿದರು. "ಸೂಜಿ ತಿರುಗುಸ್ತಿದ್ದೋಳು ನೀನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಪಾವಗಡದಾಗೂ?"

ಅದಕ್ಕೂ ತಲೆಯಾಡಿಸಿದಳು. ಅವರು ಅಂದು ಎಂಜಿನ್ನಿಗೆ ಎಣ್ಣೆ ಬಿಡದೆ, ಕಾರನ್ನು ಎತ್ತಿಕೊಳ್ಳದೆ, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟರು.

ಮನೆಗೆ ಬಂದವರು ಮೊದಲು ಮಾಡಿದ ಕೆಲಸವೆಂದರೆ, ದೇವರಮನೆಯ ಗೂಡಿನಲ್ಲಿದ್ದ ಪಾವಗಡದ ಕಪ್ಪನ್ನು ಇಳಿಸಿ ಶೆಡ್ಡಿಗೆ ಒಯ್ದದ್ದು. ಅದರ ತುಂಬ ಡೀಸೆಲ್ ಸುರಿದು ತುಕ್ಕುಹಿಡಿದ ಬೋಲ್ಟುಗಳನ್ನು ನೆನೆಹಾಕಿದರು. ಅದು ಇಂದಿಗೂ ಅಲ್ಲೇ ಇದೆ. ತುಮಕೂರಿನ ಕಿವಿಡಾಕ್ಟರು ಹೋದದ್ದು ಮತ್ತೆ ಬರುವುದಿಲ್ಲ ಎಂದರು. ಇನ್ನೂ ಮೊದಲೇ ಕರೆತಂದು, ಸದ್ದಿನಿಂದ ದೂರವಿಟ್ಟಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದೂ ಅಂದರು. ಆ ಎರಡನೆಯ ಮಾತು ತಂದೆಗೆ ಕೇಳಿಸಲಿಲ್ಲ. ಭುವನಾಗೆ ಕೇಳಿಸಿತು, ದಿನವೂ ಕೇಳಿಸುತ್ತದೆ. ಅವಳು ರಿಮೋಟು ಮುಟ್ಟುವುದನ್ನು ಬಿಟ್ಟಿದ್ದಾಳೆ. ಅವರು ಅವಳೊಡನೆ ಊಟ, ನೀರು, ಔಷಧಿಯ ಮಾತಾಡುತ್ತಾರೆ, ಬೇರೆ ಮಾತಿಲ್ಲ. ಸಂಜೆ ಸರೋಜಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿ ಗಂಡನ ಕಿವಿಗೆ ಬಿಡುತ್ತಾರೆ. "ಓಡ್ಬಂದದ್ದಕ್ಕೆ ಎಣ್ಣೆ ಬುಡ್ಬೇಕು ಅಂತ ನೀವೇ ಅಲ್ವ್ರಾ ಹೇಳಾದು" ಎಂದು ನಗಿಸಲು ನೋಡುತ್ತಾರೆ. ಅವರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಾರೆ.

ಒಂದೇ ಇಂದ್ರಿಯಕ್ಕೆ ಇಡೀ ಬದುಕನ್ನು ಬರೆದುಕೊಟ್ಟ ಮನುಷ್ಯರು ಎಲ್ಲ ಊರಿನಲ್ಲೂ ಇರುತ್ತಾರೆ. ಕಸುಬು ಅವರಿಗೆ ಅನ್ನ ಹಾಕುತ್ತಲೇ ಆ ಇಂದ್ರಿಯವನ್ನು ತಿನ್ನುತ್ತಿರುತ್ತದೆ, ಅದನ್ನು ಅವರೂ ಒಳಗೊಳಗೆ ಬಲ್ಲರು. ಕಳೆದುಕೊಂಡದ್ದನ್ನು ಹೇಗೋ ಸಹಿಸಿಯೂ ಸಹಿಸಿಯಾರು. ಆದರೆ ಕಳೆದುಕೊಂಡ ಮೇಲೂ ಗೆಲ್ಲುವಂತೆ ಮಾಡಿದ ಕೈಯನ್ನು ಅಂಥವರು ಕ್ಷಮಿಸುವುದಿಲ್ಲ. ಆ ಕೈ ಪ್ರೀತಿಯದಾಗಿದ್ದರಂತೂ, ಸಾಯುವವರೆಗೂ ಇಲ್ಲ.